ಆಟದ ಲ್ಯಾಪ್‌ಟಾಪೋ, ಓಡಾಟದ ಲ್ಯಾಪ್‌ಟಾಪೋ?

— ಅಂತಿಮ ಬಿ.ಎ. ತರಗತಿಯ ಒಬ್ಬ ವಿದ್ಯಾರ್ಥಿ

ನಮ್ಮ ಕಡೆ ‘ಆಟ’ ಎಂಬ ಶಬ್ದಕ್ಕೆ ಒಂದು ವಿಶೇಷಾರ್ಥವಿದೆ. ಸಾಗರ, ಹೊಸನಗರ, ತೀರ್ಥಹಳ್ಳಿಗಳ ಹಳ್ಳಿಗಾಡಿನಲ್ಲಿ ‘ಇವತ್ತು ರಾತ್ರಿ ಆಟ ಇದೆ’ ಎಂದರೆ ಅದು ಚೆಂಡಾಟವೂ ಅಲ್ಲ, ಇಸ್ಪೀಟಾಟವೂ ಅಲ್ಲ. ಕೊಯ್ಲಾದ ಗದ್ದೆಯಲ್ಲಿ ರಂಗಸ್ಥಳ ಕಟ್ಟಿ, ಚೆಂಡೆ ಮದ್ದಳೆಗಳ ದನಿಯಲ್ಲಿ ಬೆಳತನಕ ನಡೆಯುವ ಯಕ್ಷಗಾನವೆಂದೇ ಅರ್ಥ. ಆದುದರಿಂದ ನಾನು ಈ ಕಾಲೇಜಿಗೆ ಸೇರಿದ ವರ್ಷ, ‘ಅಪ್ಪಯ್ಯ, ನನಗೊಂದು ಗೇಮಿಂಗ್ ಲ್ಯಾಪ್‌ಟಾಪ್ ಬೇಕು’ ಎಂದು ಕೇಳಿದಾಗ, ಜಗುಲಿಯಲ್ಲಿ ಕವಳ ಹಾಕುತ್ತ ಕುಳಿತಿದ್ದ ಅಜ್ಜಯ್ಯ, ‘ಗೇಮಿಂಗ್ ಅಂದ್ರೆ ಎಂತದಾ?’ ಎಂದರು. ‘ಆಟದ್ದು’ ಎಂದೆ. ‘ಹಾಗಾದ್ರೆ ಅದರಲ್ಲಿ ಬೆಳಗಿನ ತನಕ ಆಟ ನೋಡಬಹುದೇನಾ?’ ಎಂದು ಅವರು ಬಹಳ ಸಂತೋಷಪಟ್ಟರು.

ನಾನು ನಕ್ಕೆ. ಅಪ್ಪಯ್ಯ ನಗಲಿಲ್ಲ. ‘ಓದಲಿಕ್ಕೆ ಬೇಕೇನೋ ಅದು?’ ಎಂದು ಒಂದೇ ಮಾತು ಕೇಳಿದರು. ‘ಹೌದು, ಓದಲಿಕ್ಕೇ’ ಎಂದೆ. ಅದು 2023ನೆಯ ಇಸವಿ. ನಮ್ಮ ತೋಟಕ್ಕೆ ಎಲೆಚುಕ್ಕಿ ರೋಗ ತಗುಲಿ, ಅಡಿಕೆ ಮರಗಳ ಸೋಗೆ ಹಳದಿಗಟ್ಟಿ ಒಣಗುತ್ತಿದ್ದ ಕಾಲ. ಆದರೂ ಅಪ್ಪಯ್ಯ ಎರಡನೆಯ ಮಾತಾಡಲಿಲ್ಲ. ಒಂದೂವರೆ ಕ್ವಿಂಟಾಲಿನಷ್ಟು ರಾಶಿ ಅಡಿಕೆಯ ಹಣ ಒಂದು ಕಪ್ಪು ಪೆಟ್ಟಿಗೆಯ ರೂಪ ತಾಳಿ ನನ್ನ ಕೈಗೆ ಬಂದಿತು. ‘ಓದಲಿಕ್ಕೇ’ ಎಂದು ನಾನು ಹೇಳಿದ ಮಾತು ಎಷ್ಟರಮಟ್ಟಿಗೆ ನಿಜವಾಗಿತ್ತೆಂಬುದನ್ನು ಲೇಖನದ ಕೊನೆಗೆ ನಿವೇದಿಸಿಕೊಳ್ಳುತ್ತೇನೆ. ಮೊದಲು ಪ್ರಕೃತ ವಿಷಯಕ್ಕೆ ಬರೋಣ.

ಪ್ರತಿವರ್ಷವೂ ಪ್ರಥಮ ವರ್ಷದ ತರಗತಿಗೆ ಬಂದ ಗೆಳೆಯರು, ಗೆಳತಿಯರು ನಮ್ಮಂಥ ಹಳಬರನ್ನು ಕೇಳುವ ಪ್ರಶ್ನೆಗಳಲ್ಲಿ ಇದೂ ಒಂದು: ‘ಲ್ಯಾಪ್‌ಟಾಪ್ ತೆಗೆದುಕೊಳ್ಳಬೇಕೆಂದಿದ್ದೇವೆ, ಯಾವುದು ಒಳ್ಳೆಯದು?’ 2019-20ನೆಯ ಸಾಲಿನಲ್ಲಿ ನಮ್ಮ ರಾಜ್ಯದ ಸರ್ಕಾರಿ ಪದವಿ ಕಾಲೇಜುಗಳ ಮೊದಲ ವರ್ಷದ ವಿದ್ಯಾರ್ಥಿಗಳಿಗೆ ಸರ್ಕಾರವೇ ಲ್ಯಾಪ್‌ಟಾಪ್‌ಗಳನ್ನು ಹಂಚಿತು. 2021ರಲ್ಲಿ ಟ್ಯಾಬ್‌ಗಳನ್ನು ಕೊಟ್ಟಿತು. ದಾನವಾಗಿ ಬಂದ ಆಕಳ ಹಲ್ಲನ್ನು ಎಣಿಸುವವರಿಲ್ಲ. ಆದರೆ ಮನೆಯ ಹಣ ಕೊಟ್ಟು ಕೊಳ್ಳುವಾಗ ಹಲ್ಲನ್ನೂ ಎಣಿಸಬೇಕು, ಕೊಂಬನ್ನೂ ನೋಡಬೇಕು, ಎಷ್ಟು ಮೇವು ತಿನ್ನುತ್ತದೆಂದೂ ವಿಚಾರಿಸಬೇಕು. ಈ ವಿಚಾರಣೆಯನ್ನು ಮಾಡದೆ ಕೊಂಡು ಪಶ್ಚಾತ್ತಾಪಪಟ್ಟವನು ನಾನು. ಆದುದರಿಂದಲೇ ಬರೆಯುವ ಅಧಿಕಾರವೂ ನನಗೆ ಸ್ವಲ್ಪ ಇದೆಯೆಂದು ಭಾವಿಸಿದ್ದೇನೆ.

ಅಂಗಡಿಗೆ ಹೋದರೆ ಕಣ್ಣಿಗೆ ಮೊದಲು ಬೀಳುವುದು ಗೇಮಿಂಗ್ ಲ್ಯಾಪ್‌ಟಾಪು. ಕೀಲಿಮಣೆಯ ಅಡಿಯಿಂದ ಕೆಂಪು ಹಸಿರು ನೀಲಿ ಬೆಳಕು ಹೊಮ್ಮುತ್ತಿರುತ್ತದೆ. ಆಟದ ವೇಷದ ಕಿರೀಟವನ್ನು ನೆನಪಿಗೆ ತರುತ್ತದೆ. ಅದರೊಳಗೆ ಸಾಮಾನ್ಯ ಸಂಸ್ಕಾರಕದ ಜೊತೆಗೆ ಚಿತ್ರಗಳನ್ನು ಮೂಡಿಸುವುದಕ್ಕೆಂದೇ ಪ್ರತ್ಯೇಕವಾದ ಗ್ರಾಫಿಕ್ಸ್ ಕಾರ್ಡ್ ಇರುತ್ತದೆ. ಆ ಕಾರ್ಡು ಬಲಶಾಲಿ. ಬಲಕ್ಕೆ ತಕ್ಕ ಹೊಟ್ಟೆಬಾಕ. ಅದು ಉಣ್ಣುವ ವಿದ್ಯುತ್ತೆಲ್ಲ ಶಾಖವಾಗುವುದರಿಂದ, ಆ ಶಾಖವನ್ನು ಹೊರದೂಡಲು ದೊಡ್ಡ ಫ್ಯಾನುಗಳು ಬೇಕು, ತಾಮ್ರದ ಕೊಳವೆಗಳು ಬೇಕು. ಹೀಗಾಗಿ ಯಂತ್ರದ ತೂಕ ಎರಡೂಕಾಲು ಎರಡೂವರೆ ಕಿಲೋ. ಇಟ್ಟಿಗೆಯಂಥ ಅದರ ಚಾರ್ಜರು ಇನ್ನೊಂದು ಅರ್ಧ ಮುಕ್ಕಾಲು ಕಿಲೋ. ಹೆಸರಿಗೆ ಮಡಿಲ ಮೇಲಿನ ಯಂತ್ರ. ಆಡುವಾಗ ಮಡಿಲ ಮೇಲೆ ಇಟ್ಟುಕೊಂಡರೆ ಕಾದ ಕಾವಲಿ.

ಎರಡನೆಯದು ಬಿಸಿನೆಸ್ ಲ್ಯಾಪ್‌ಟಾಪು. ಊರೂರು ತಿರುಗುವ ವ್ಯವಹಾರಸ್ಥರಿಗೆಂದು ಹುಟ್ಟಿದ್ದರಿಂದ ಅದಕ್ಕೆ ಆ ಹೆಸರು. 1992ರಲ್ಲಿ ಐ.ಬಿ.ಎಂ. ಕಂಪನಿ ಹೊರತಂದ ಥಿಂಕ್‌ಪ್ಯಾಡ್ ಈ ವಂಶದ ಹಿರಿಯರಲ್ಲಿ ಒಂದು. 2005ರಲ್ಲಿ ಆ ಹೆಸರು ಲೆನೊವೊ ಕಂಪನಿಯ ಪಾಲಾಯಿತು. ಡೆಲ್‌ನವರ ಲ್ಯಾಟಿಟ್ಯೂಡ್, ಎಚ್.ಪಿ.ಯವರ ಎಲೈಟ್‌ಬುಕ್ ಇವೂ ಅದೇ ಕುಲದವು. ನೋಡಲಿಕ್ಕೆ ಗುಮಾಸ್ತರ ಕೋಟಿನಂತೆ ಸಪ್ಪೆ. ತೂಕ ಒಂದೂಕಾಲು ಒಂದೂವರೆ ಕಿಲೋ. ಚಾರ್ಜರು ಅಂಗೈಯಲ್ಲಿ ಅಡಗುವಷ್ಟು. ಇದರಲ್ಲಿ ದೊಡ್ಡ ಗ್ರಾಫಿಕ್ಸ್ ಕಾರ್ಡಿಲ್ಲ. ಅದರ ಬದಲು ಬಾಳಿಕೆ ಬರುವ ಕೀಲು, ಚಹಾ ಚೆಲ್ಲಿದರೂ ಕೂಡಲೆ ಕೆಡದಂತೆ ಮಾಡಿದ ಕೀಲಿಮಣೆ, ಬಹಳ ಹೊತ್ತು ನಿಲ್ಲುವ ಬ್ಯಾಟರಿ ಇವು ಇದರ ಗುಣಗಳು.

ಹೊತ್ತೊಯ್ಯುವ ಯಂತ್ರವೆಂಬ ಕಲ್ಪನೆಯೇ ಎಷ್ಟು ಕಷ್ಟದಿಂದ ಸಾಕಾರವಾಯಿತೆಂಬುದನ್ನು ಇಲ್ಲಿ ಒಂದು ಕ್ಷಣ ನೆನೆಯಬಹುದು. 1981ರಲ್ಲಿ ಅಮೆರಿಕದಲ್ಲಿ ಮಾರಾಟಕ್ಕೆ ಬಂದ ಆಸ್ಬಾರ್ನ್ ಒನ್ ಎಂಬ ಗಣಕಯಂತ್ರವನ್ನು ‘ಹೊತ್ತೊಯ್ಯಬಹುದಾದದ್ದು’ ಎಂದೇ ಹೊಗಳಿದರು. ಅದರ ತೂಕ ಸುಮಾರು 11 ಕಿಲೋ! ಪರದೆಯ ಅಳತೆ ಮೂಲೆಯಿಂದ ಮೂಲೆಗೆ ಐದೇ ಅಂಗುಲ. ಒಳಗೆ ಬ್ಯಾಟರಿಯೂ ಇರಲಿಲ್ಲ. ಹನ್ನೊಂದು ಕಿಲೋವನ್ನು ಒಂದೂಕಾಲು ಕಿಲೋಗೆ ಇಳಿಸಲು ಎಷ್ಟೋ ಜನ ತಂತ್ರಜ್ಞರು ನಲವತ್ತು ವರ್ಷ ದುಡಿದಿದ್ದಾರೆ. ಆ ದುಡಿಮೆಯ ಫಲವನ್ನು ಬಿಟ್ಟು, ಭಾರವನ್ನೇ ಬಯಸಿ ಹೊರುವ ನಮ್ಮ ಉತ್ಸಾಹಕ್ಕೆ ಏನೆನ್ನೋಣ?

ಹೀಗೆಂದ ಮಾತ್ರಕ್ಕೆ ಗೇಮಿಂಗ್ ಲ್ಯಾಪ್‌ಟಾಪಿನ ಪಕ್ಷದಲ್ಲಿ ಹೇಳುವುದಕ್ಕೆ ಏನೂ ಇಲ್ಲವೆಂದಲ್ಲ. ಪೂರ್ವಪಕ್ಷವನ್ನು ನ್ಯಾಯವಾಗಿಯೇ ಮಂಡಿಸೋಣ. ತುಮರಿ ಕಡೆಯ ನನ್ನ ಗೆಳೆಯನೊಬ್ಬ ಈ ಪಕ್ಷದ ಪ್ರಬಲ ವಾದಿ. ಅವನ ಮಾತು ಹೀಗೆ: ‘ಅದೇ ಬೆಲೆಗೆ ಹೊಸದಾಗಿ ಬರುವ ಬಿಸಿನೆಸ್ ಲ್ಯಾಪ್‌ಟಾಪಿಗಿಂತ ಇದರಲ್ಲಿ ಶಕ್ತಿ ಹೆಚ್ಚು. ದೊಡ್ಡ ಪರದೆ. ಮೆಮೊರಿಯನ್ನು ಮುಂದೆ ಏರಿಸಿಕೊಳ್ಳಲಿಕ್ಕೂ ಬಹುಪಾಲು ಯಂತ್ರಗಳಲ್ಲಿ ಸ್ಥಳವಿರುತ್ತದೆ. ಇಂದು ನಾನು ಚರಿತ್ರೆ ಓದುತ್ತಿದ್ದರೂ ನಾಳೆ ಚಿತ್ರ ಸಂಕಲನವನ್ನೋ, ಅನಿಮೇಶನ್ನನ್ನೋ ಕಲಿತು ಹೊಟ್ಟೆ ಹೊರೆದುಕೊಳ್ಳಬಾರದೆಂದು ಉಂಟೆ? ಬಲ ಇದ್ದವನು ಸಣ್ಣ ಕೆಲಸವನ್ನೂ ಮಾಡಬಲ್ಲ. ಬಲ ಇಲ್ಲದವನು ದೊಡ್ಡದನ್ನು ಮಾಡಲಾರ.’ ಮಾತು ಗಟ್ಟಿಯಾದದ್ದು. ನಾನೂ ಇದೇ ಮಾತಿಗೆ ಮನಸೋತು ಕೊಂಡವನು.

ಆದರೆ ಈ ವಾದದಲ್ಲಿ ಒಂದು ಕೊರತೆ ಇದೆ. ಯಂತ್ರ ಎಷ್ಟು ಬಲವಾಗಿದೆಯೆಂಬುದನ್ನು ಅದು ಕೇಳುತ್ತದೆ. ಅದು ಎಲ್ಲಿ ಕೆಲಸ ಮಾಡಬೇಕು, ಯಾರ ಹೆಗಲ ಮೇಲೆ ಹೋಗಬೇಕು, ಯಾವ ಮಳೆಯಲ್ಲಿ ನೆನೆಯಬೇಕು, ಯಾವ ಮನೆಯ ವಿದ್ಯುತ್ತನ್ನು ಉಣ್ಣಬೇಕು ಎಂಬುದನ್ನು ಕೇಳುವುದಿಲ್ಲ. ಗದ್ದೆಯ ಮಣ್ಣು ನೋಡದೆ ಎತ್ತು ಕೊಳ್ಳುವ ರೈತನಿಲ್ಲ. ನಮ್ಮ ಮೂರು ತಾಲ್ಲೂಕುಗಳ ಮಣ್ಣನ್ನು ನೋಡಿದ ಮೇಲೆ ನನಗೆ ಹೊಳೆದ ಸಿದ್ಧಾಂತ ಇಷ್ಟೇ: ಯಂತ್ರವನ್ನು ಅದರ ಅತ್ಯಂತ ಬಲವಾದ ಗಳಿಗೆಯಿಂದ ಅಳೆಯಬಾರದು, ನಮ್ಮ ಅತ್ಯಂತ ಕಷ್ಟದ ದಿನದಿಂದ ಅಳೆಯಬೇಕು. ಬಿಸಿಲಿನ ದಿನ, ಕರೆಂಟು ಇರುವ ಹೊತ್ತು, ಮೇಜಿನ ಮುಂದೆ ಕುಳಿತಾಗ ಎಲ್ಲ ಯಂತ್ರಗಳೂ ಒಳ್ಳೆಯವೇ.

ಕರೆಂಟಿನ ಮಾತು ಬಂತು. ಈ ವಿಷಯದಲ್ಲಿ ನಮ್ಮ ಸೀಮೆಯ ಪಾಡು ವಿಚಿತ್ರವಾದದ್ದು. 1948ರಲ್ಲಿ ಜೋಗದ ವಿದ್ಯುದಾಗಾರ ಕೆಲಸ ಆರಂಭಿಸಿತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆಯಿತು. ಅದರ ನೀರಿನಿಂದ ನಡೆಯುವ ಶರಾವತಿ ವಿದ್ಯುದಾಗಾರದ ಸಾಮರ್ಥ್ಯ 1,035 ಮೆಗಾವಾಟ್. ಹೊಸನಗರ ತಾಲ್ಲೂಕಿನ ಮಾಣಿ ಜಲಾಶಯದ ನೀರು ಘಟ್ಟದ ಕೆಳಗಿನ ವಾರಾಹಿ ವಿದ್ಯುದಾಗಾರವನ್ನು ನಡೆಸುತ್ತದೆ. ನಾಡಿಗೆಲ್ಲ ಬೆಳಕು ಕೊಡಲು ಊರು, ಗದ್ದೆ, ದೇವಸ್ಥಾನಗಳನ್ನು ನೀರಿಗೆ ಬಿಟ್ಟುಕೊಟ್ಟವರು ಇಲ್ಲಿಯವರು. ಆದರೆ ಮೃಗಶಿರೆ ಕಳೆದು ಆರಿದ್ರೆಯ ಮಳೆ ಹಿಡಿಯಿತೆಂದರೆ, ಕಾಡಿನ ನಡುವೆ ಹಾದು ಬಂದ ತಂತಿಯ ಮೇಲೆ ಎಲ್ಲಿಯೋ ಒಂದು ಮರ ಬೀಳುತ್ತದೆ; ಒಳಗಿನ ಹಳ್ಳಿಗಳಲ್ಲಿ ಎರಡು ದಿನ, ಮೂರು ದಿನ ಕತ್ತಲೆ. ಕಂಬ ಹತ್ತುವ ಲೈನ್‌ಮನ್ ಆ ಮಳೆಯಲ್ಲಿ ಪಡುವ ಪಾಡನ್ನು ಕಂಡವರು ಯಾರನ್ನೂ ಬಯ್ಯಲಾರರು. ದೀಪದ ಬುಡದಲ್ಲಿ ಕತ್ತಲೆ ಎಂಬ ಗಾದೆಯನ್ನು ನಮ್ಮಷ್ಟು ಚೆನ್ನಾಗಿ ಬಲ್ಲವರು ಬೇರೆ ಇಲ್ಲ.

ಈಗ ಸ್ವಲ್ಪ ಲೆಕ್ಕ ಹಾಕೋಣ; ಆರ್ಟ್ಸ್ ವಿದ್ಯಾರ್ಥಿಗಳೆಂದು ಲೆಕ್ಕಕ್ಕೆ ಹೆದರಬೇಕಾಗಿಲ್ಲ. ಬರವಣಿಗೆ, ಓದುಗಳಂಥ ಹಗುರ ಕೆಲಸ ಮಾಡುವಾಗ ಬಿಸಿನೆಸ್ ಲ್ಯಾಪ್‌ಟಾಪು ಗಂಟೆಗೆ ಸುಮಾರು ಎಂಟು ವಾಟ್-ಗಂಟೆಯಷ್ಟು ವಿದ್ಯುತ್ತು ಉಣ್ಣುತ್ತದೆ. ಅದರ ಬ್ಯಾಟರಿ 56 ವಾಟ್-ಗಂಟೆಯದೆಂದು ಇಟ್ಟುಕೊಂಡರೆ ಏಳು ಗಂಟೆ ನಡೆಯುತ್ತದೆ. ಗೇಮಿಂಗ್ ಲ್ಯಾಪ್‌ಟಾಪು ಭಾರಿ ಆಟವನ್ನು ಆಡಿಸುವಾಗ 180 ವಾಟಿನವರೆಗೂ ಏರುತ್ತದೆ. ಅಷ್ಟನ್ನು ಒದಗಿಸುವ ಶಕ್ತಿ ಅದರ ಬ್ಯಾಟರಿಗಿಲ್ಲ. ಆದುದರಿಂದ ಪಿನ್ನು ಕಿತ್ತೊಡನೆ ಯಂತ್ರ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ; ಹಾಗೆ ತಗ್ಗಿಸಿಕೊಂಡರೂ ಆಟ ನಡೆಯುವುದು ಒಂದು ಗಂಟೆಯ ಆಸುಪಾಸು. ಮನೆಯಲ್ಲಿ ಇನ್ವರ್ಟರ್ ಇದೆಯಲ್ಲವೇ ಎನ್ನಬಹುದು. ಐದು ಗಂಟೆ ಆಡಿದರೆ ಆ ಯಂತ್ರ ಇನ್ವರ್ಟರಿನಿಂದ ಎಳೆಯುವುದು 900 ವಾಟ್-ಗಂಟೆ. ಹಗುರ ಯಂತ್ರವನ್ನು ಒಮ್ಮೆ ಪೂರ್ತಿ ತುಂಬಲು, ನಷ್ಟವನ್ನೂ ಸೇರಿಸಿ, 65 ಸಾಕು. ಎಂದರೆ ಒಂದು ಸಂಜೆಯ ಆಟದ ವಿದ್ಯುತ್ತಿನಲ್ಲಿ ಇನ್ನೊಂದನ್ನು ಹದಿಮೂರು ಸಲ ತುಂಬಬಹುದು! ಮೂರು ದಿನ ಕರೆಂಟು ಬರದಿದ್ದ ಮನೆಯಲ್ಲಿ ಅಮ್ಮನ ಅಡಿಗೆ ಮನೆಯ ದೀಪವೂ ಅದೇ ಇನ್ವರ್ಟರಿನ ಮೇಲೆ ನಿಂತಿರುತ್ತದೆ ಎಂಬುದನ್ನು ಮರೆಯಬಾರದು.

ಇದರ ಜೊತೆಗೆ ಗುಡುಗಿನ ಮಾತು. ಚೈತ್ರ ವೈಶಾಖಗಳಲ್ಲಿ ಮೋಡ ಕಟ್ಟಿ ಮೊದಲ ಗುಡುಗು ಕೇಳಿತೆಂದರೆ ನಮ್ಮ ಮನೆಗಳಲ್ಲಿ ಎಲ್ಲರ ಬಾಯಲ್ಲೂ ಒಂದೇ ಕೂಗು: ‘ಪಿನ್ನು ಕೀಳ್ರೋ!’ ಫ್ರಿಜ್ಜಿನದು, ಟಿ.ವಿ.ಯದು, ಮೋಡೆಮ್ಮಿನದು ಎಲ್ಲ ಪಿನ್ನುಗಳೂ ಗೋಡೆಯಿಂದ ಹೊರಬರುತ್ತವೆ. ಹೀಗೆ ವರ್ಷದಲ್ಲಿ ಎಷ್ಟೋ ಸಂಜೆಗಳು ಪಿನ್ನು ಕಿತ್ತ ಸಂಜೆಗಳೇ. ಪಿನ್ನು ಕಿತ್ತಾಗಲೂ ಪೂರ್ಣ ಶಕ್ತಿಯಿಂದ ದುಡಿಯುವ ಯಂತ್ರ ನಮಗೆ ಬೇಕೋ, ಪಿನ್ನು ಚುಚ್ಚಿದಾಗ ಮಾತ್ರ ಶೂರನಾಗುವ ಯಂತ್ರ ಬೇಕೋ?

ಇನ್ನು ಮಳೆ. ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ ಏಳು ಸಾವಿರ ಮಿಲಿಮೀಟರಿಗೂ ಮೇಲ್ಪಟ್ಟು ಮಳೆ ಬೀಳುತ್ತದೆ. ಹೊಸನಗರ ತಾಲ್ಲೂಕಿನ ಹುಲಿಕಲ್ಲು ಅದಕ್ಕೇನೂ ಕಡಿಮೆಯಲ್ಲ. ಆ ತಿಂಗಳುಗಳಲ್ಲಿ ಚಪ್ಪಲಿಗೆ ಬೂಷ್ಟು, ಬೆಲ್ಟಿಗೆ ಬೂಷ್ಟು, ಪುಸ್ತಕದ ರಟ್ಟಿಗೂ ಬೂಷ್ಟು. ದೊಡ್ಡ ಫ್ಯಾನುಗಳ ಯಂತ್ರ ಈ ತೇವದ ಗಾಳಿಯನ್ನು ನಿರಂತರವಾಗಿ ಒಳಗೆಳೆದುಕೊಳ್ಳುತ್ತದೆ; ಬೇಸಗೆಯಲ್ಲಿ ಕೆಂಪು ಧೂಳನ್ನು ಎಳೆದುಕೊಳ್ಳುತ್ತದೆ. ಎರಡೂ ಸೇರಿ ರೆಕ್ಕೆಗಳ ಮೇಲೆ ಕೆಸರಿನ ಲೇಪವಾಗುತ್ತದೆ. ವರ್ಷಕ್ಕೊಮ್ಮೆ ಬಿಚ್ಚಿ ಶುಚಿಮಾಡಿಸದಿದ್ದರೆ ಕಾವೇರಿ, ವೇಗ ಇಳಿಯುತ್ತದೆ. ಹಗುರ ಯಂತ್ರಕ್ಕೂ ತೇವದ ಭಯವಿದೆ, ಇಲ್ಲವೆನ್ನಲಾರೆ. ಆದರೆ ಅದರ ಫ್ಯಾನು ತಿರುಗುವುದು ಕಡಿಮೆಯಾದ್ದರಿಂದ ಉಸಿರೆಳೆಯುವುದೂ ಕಡಿಮೆ.

ಆಗುಂಬೆಯ ಕಡೆಯಿಂದ ಬಂದು ಇಲ್ಲಿ ಓದುತ್ತಿರುವ ಸಹಪಾಠಿನಿಯೊಬ್ಬರು ಮೊದಲಿನಿಂದಲೂ ಸಣ್ಣ ಬಿಸಿನೆಸ್ ಲ್ಯಾಪ್‌ಟಾಪನ್ನೇ ಇಟ್ಟುಕೊಂಡಿದ್ದಾರೆ. ನಾವು ಹುಡುಗರು ಅದನ್ನು ‘ಸ್ಲೇಟು’ ಎಂದು ಹಾಸ್ಯ ಮಾಡುತ್ತಿದ್ದೆವು. ಅವರು ಒಮ್ಮೆ ಹೇಳಿದರು: ‘ಊರಿಗೆ ಹೋದಾಗ ಬಸ್ಸಿಳಿದು ಮನೆಗೆ ಮೂರು ಕಿಲೋಮೀಟರ್ ನಡೆಯಬೇಕು. ಒಂದು ಕೈಯಲ್ಲಿ ಕೊಡೆ, ಇನ್ನೊಂದು ಕೈಯಲ್ಲಿ ಸೀರೆಯ ನೆರಿಗೆಯೋ ಚೂಡಿದಾರವೋ. ಬೆನ್ನಿಗೆ ಎಷ್ಟು ಹಾಕಿಕೊಳ್ಳಬಹುದೆಂದು ನಾನು ಅಂಗಡಿಯಲ್ಲಿಯೇ ಎತ್ತಿ ನೋಡಿ ತೆಗೆದುಕೊಂಡೆ.’ ನಾವು ಯಾರೂ ಅಂಗಡಿಯಲ್ಲಿ ಎತ್ತಿ ನೋಡಿರಲಿಲ್ಲ, ಬೆಳಕು ನೋಡಿದ್ದೆವು. ನಿಂತುಕೊಳ್ಳಲೂ ಸ್ಥಳವಿಲ್ಲದ ಬೆಳಗಿನ ಬಸ್ಸಿನಲ್ಲಿ ಮೂರು ಕಿಲೋ ಯಂತ್ರ, ಪುಸ್ತಕ, ಬುತ್ತಿ, ಕೊಡೆಗಳೊಡನೆ ಒಂದು ತಿಂಗಳು ಓಡಾಡಿದ ಮೇಲೆ ನಾನು ಯಂತ್ರವನ್ನು ಮನೆಯಲ್ಲಿಯೇ ಬಿಟ್ಟು ಬರತೊಡಗಿದೆ. ಅಪ್ಪಯ್ಯ ಒಂದು ದಿನ, ‘ಅದನ್ನ ಕಾಲೇಜಿಗೆ ತಗೊಂಡು ಹೋಗ್ಲಿಲ್ವೇನೋ?’ ಎಂದರು. ‘ಇವತ್ತು ಬೇಕಾಗಿಲ್ಲ ಅಪ್ಪಯ್ಯ’ ಎಂದೆ. ಮರುದಿನವೂ ಅದೇ ಉತ್ತರ. ಆಮೇಲೆ ಅವರು ಕೇಳುವುದನ್ನು ಬಿಟ್ಟರು.

ಹೋಗಲಿ, ಆಟವನ್ನಾದರೂ ಆಡಿದೆನೇ? ಅಲ್ಲಿಯೂ ಹಾಸ್ಯಾಸ್ಪದನಾದೆ. ಈಗಿನ ದೊಡ್ಡ ಆಟಗಳನ್ನು ಅಂತರ್ಜಾಲದಿಂದ ಇಳಿಸಿಕೊಳ್ಳಬೇಕಾದರೆ ಕೆಲವಕ್ಕೆ ನೂರು ಜಿ.ಬಿ.ಗೂ ಮೀರಿ ಬೇಕು. ನನ್ನ ಫೋನಿನ ಪ್ಯಾಕು ದಿನಕ್ಕೆ ಒಂದೂವರೆ ಜಿ.ಬಿ.ಯದು. ಅಷ್ಟನ್ನೂ ಅದಕ್ಕೇ ಸುರಿದರೆ ಒಂದು ಆಟ ಇಳಿಯಲು ಅರವತ್ತೇಳು ದಿನ! ಅದೂ ಗುಡ್ಡದ ಮೇಲಿನ ಗೇರು ಮರದ ಬುಡದಲ್ಲಿ ನಿಂತರೆ ಮಾತ್ರ ಸಿಗ್ನಲ್ಲು ಸಿಗುವ ಊರು ನಮ್ಮದು. 2020ರ ಕರೋನಾ ದಿನಗಳಲ್ಲಿ ಪ್ಲಾಸ್ಟಿಕ್ಕಿನ ಮಾಡು ಕಟ್ಟಿಕೊಂಡು ಗುಡ್ಡದ ಮೇಲೆ ಪಾಠ ಕೇಳಿದ ಮಕ್ಕಳು ನಾವು. ಆಟದ ಯಂತ್ರ ಇದ್ದರೂ ಆಟ ಬರಲು ದಾರಿ ಬೇಕಲ್ಲ!

ಇವೆಲ್ಲ ನಗುತ್ತ ಹೇಳಬಹುದಾದ ಮಾತುಗಳು. ನಗುತ್ತ ಹೇಳಲಾಗದ ಒಂದು ಸಂಗತಿಯನ್ನು ಈಗ ಹೇಳಬೇಕು. ಕಳೆದ ವರ್ಷ ನಮ್ಮ ಚರಿತ್ರೆಯ ಅಧ್ಯಾಪಕರು ಪ್ರತಿಯೊಬ್ಬರಿಗೂ ಸ್ಥಳೀಯ ಇತಿಹಾಸದ ಒಂದೊಂದು ಯೋಜನಾ ವರದಿಯನ್ನು ಬರೆಯಲು ಹೇಳಿದರು. ಶರಾವತಿ ಹಿನ್ನೀರಿನಲ್ಲಿ ಊರು ಕಳೆದುಕೊಂಡವರ ನೆನಪುಗಳನ್ನು ಸಂಗ್ರಹಿಸುವುದು ನನ್ನ ವಿಷಯ. ತುಮರಿಯ ಗೆಳೆಯನೇ ತನ್ನ ನೆಂಟರಲ್ಲೊಬ್ಬ ವೃದ್ಧರ ಮನೆಗೆ ನನ್ನನ್ನು ಕರೆದುಕೊಂಡು ಹೋದ. ಆಗಿನ್ನೂ ಸಿಗಂದೂರಿನ ಸೇತುವೆ ಆಗಿರಲಿಲ್ಲ. ಅದು ತೆರೆದದ್ದು 2025ರ ಜುಲೈಯಲ್ಲಿ. ಲಾಂಚಿನಲ್ಲಿ ಹಿನ್ನೀರನ್ನು ದಾಟಿ, ಮಳೆಯಲ್ಲಿ ನಡೆದು, ಮೂರು ಕಿಲೋ ಭಾರವನ್ನು ಬೆನ್ನಿಗೆ ಹಾಕಿಕೊಂಡು ಹೋದೆ. ಆ ಊರಿನಲ್ಲಿ ಎರಡು ದಿನದಿಂದ ಕರೆಂಟು ಇರಲಿಲ್ಲ. ನಮ್ಮಿಬ್ಬರ ಫೋನುಗಳೂ ದಾರಿಯಲ್ಲಿಯೇ ಮುಗಿದಿದ್ದವು. ಲ್ಯಾಪ್‌ಟಾಪಿನಲ್ಲಿ ದನಿ ಮುದ್ರಿಸಿಕೊಳ್ಳುವುದೆಂದು ನಿಶ್ಚಯಿಸಿದೆವು. ಪರದೆಯ ಮೂಲೆಯಲ್ಲಿ ಮೂರು ಗಂಟೆ ನಡೆಯುತ್ತದೆಂದು ಬರೆದಿತ್ತು.

ಆ ಅಜ್ಜಯ್ಯ ಮೊದಲು ಮಾತಾಡಲು ಸಂಕೋಚಪಟ್ಟರು. ಚಹಾ ಬಂತು, ಅವರ ಮನೆಯ ಹಳೆಯ ಕಾಗದ ಪತ್ರಗಳನ್ನು ನೋಡಿದೆವು. ಬಾಲ್ಯದ ಆಟಗಳು, ಮುಳುಗಿದ ಊರಿನ ಕೆರೆ, ದೇವಸ್ಥಾನದ ಮುಂದಿನ ಅರಳಿಕಟ್ಟೆ, ಗದ್ದೆಗಳ ಹೆಸರುಗಳು, ಇವೆಲ್ಲವನ್ನೂ ನಿಧಾನವಾಗಿ ಹೇಳುತ್ತ ಹೇಳುತ್ತ ಅವರ ದನಿ ಬದಲಾಯಿತು. ‘ಆ ದಿನ ಬೆಳಿಗ್ಗೆ ಎದ್ದು ನೋಡಿದ್ರೆ ನೀರು ಕೊಟ್ಟಿಗೆ ಬಾಗಿಲಿಗೆ ಬಂದಿತ್ತು...’ ಎಂದರು. ಅಷ್ಟರಲ್ಲಿ ಪರದೆ ಕಪ್ಪಾಯಿತು. ಒಂದು ಗಂಟೆ ನಲವತ್ತು ನಿಮಿಷಕ್ಕೆ ಬ್ಯಾಟರಿ ಮುಗಿದಿತ್ತು. ಉಳಿದದ್ದನ್ನು ನೋಟುಪುಸ್ತಕದಲ್ಲಿ ಕೈಗೆ ಸಿಕ್ಕಷ್ಟು ಬರೆದುಕೊಂಡೆ. ‘ಮಳೆ ಕಳೆದ ಮೇಲೆ ಇನ್ನೊಂದು ಸಲ ಬರ್ತೇವೆ ಅಜ್ಜಯ್ಯ’ ಎಂದು ಹೇಳಿ ಬಂದೆವು. ದೀಪಾವಳಿಗೆ ಮುಂಚೆಯೇ ಅವರು ತೀರಿಕೊಂಡರೆಂದು ಗೆಳೆಯ ಹೇಳಿದ.

ನನ್ನ ವರದಿಗೆ ಒಳ್ಳೆಯ ಅಂಕಗಳೇ ಬಂದವು. ಆದರೆ ಆ ಮುದ್ರಿಕೆ ಈಗಲೂ ‘ಕೊಟ್ಟಿಗೆ ಬಾಗಿಲಿಗೆ ಬಂದಿತ್ತು’ ಎಂಬಲ್ಲಿಗೆ ನಿಲ್ಲುತ್ತದೆ. ನೀರು ಬಂದ ಮೇಲೆ ದನಗಳನ್ನು ಹೇಗೆ ಹೊಡೆದುಕೊಂಡು ಹೋದರು, ಅವರ ತಾಯಿ ಒಲೆಯನ್ನು ಆರಿಸುವಾಗ ಏನೆಂದರು ಎಂಬುದು ನನ್ನ ಅಕ್ಷರದಲ್ಲಿದೆ, ಅವರ ದನಿಯಲ್ಲಿಲ್ಲ. ಇದು ಯಂತ್ರದ ತಪ್ಪಲ್ಲ. ಯಂತ್ರ ತಾನು ಯಾವುದಕ್ಕೆ ಹುಟ್ಟಿತ್ತೋ ಅದಕ್ಕೆ ಚೆನ್ನಾಗಿಯೇ ಇತ್ತು. ತಪ್ಪು ಆರಿಸಿದವನದು.

ಈ ವರ್ಷದ ಆರಂಭದಲ್ಲಿ ನಾನು ಅದನ್ನು ಮಾರಿದೆ. ಕೊಂಡವರು ಪೇಟೆಯಲ್ಲಿ ಮದುವೆ ಉಪನಯನಗಳ ವೀಡಿಯೊ ಮಾಡುವವರು. ಅರ್ಧ ಬೆಲೆಗೇ ಹೋಯಿತು. ಮೊನ್ನೆ ಅವರ ಅಂಗಡಿಗೆ ಹೋದಾಗ, ‘ಮಾರಾಯ, ಹಳೇದರಲ್ಲಿ ಒಂದು ರಾತ್ರಿ ಹಿಡಿಯುತ್ತಿದ್ದ ಕೆಲಸ ಇದರಲ್ಲಿ ಊಟ ಮಾಡಿ ಬರುವುದರೊಳಗೆ ಮುಗಿಯುತ್ತದೆ’ ಎಂದು ಹೊಗಳಿದರು. ಅಲ್ಲಿ ಅದು ಮೇಜಿನ ಮೇಲೆ, ಪಿನ್ನಿಗೆ ಅಂಟಿಕೊಂಡು, ದಿನವೂ ದುಡಿದು ಒಂದು ಸಂಸಾರವನ್ನು ಸಾಕುತ್ತಿದೆ. ನನ್ನ ಮನೆಯಲ್ಲಿ ಅನರ್ಥವಾಗಿದ್ದದ್ದು ಅಲ್ಲಿ ಸಾರ್ಥಕವಾಗಿದೆ. ಆದುದರಿಂದ ಗೇಮಿಂಗ್ ಲ್ಯಾಪ್‌ಟಾಪು ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಚಿತ್ರ ಸಂಕಲನ, ಮೂರು ಆಯಾಮದ ಚಿತ್ರರಚನೆ ಇವುಗಳನ್ನು ಈಗಾಗಲೇ ಮಾಡುತ್ತಿರುವವರು, ಒಂದೇ ಸ್ಥಳದಲ್ಲಿ ಕುಳಿತು ಕೆಲಸ ಮಾಡುವವರು, ಕರೆಂಟು ನೆಚ್ಚಬಹುದಾದ ಪೇಟೆಯಲ್ಲಿರುವವರು ಧಾರಾಳವಾಗಿ ಕೊಳ್ಳಲಿ. ‘ಮುಂದೆ ಎಂದಾದರೂ ಕಲಿತೇನು’ ಎನ್ನುವವರು, ಕಲಿಯುವ ದಿನ ಬಂದಾಗಲೇ ಕೊಂಡರೆ ಲೇಸು. ಅಷ್ಟರಲ್ಲಿ ಅದೇ ಬೆಲೆಗೆ ಇನ್ನೂ ಒಳ್ಳೆಯದು ಬಂದಿರುತ್ತದೆ.

ನಮ್ಮಂಥ ಕಲಾ ವಿದ್ಯಾರ್ಥಿಗಳ ನಿತ್ಯದ ಕೆಲಸವಾದರೂ ಏನು? ಕನ್ನಡದಲ್ಲಿ ಇಂಗ್ಲಿಷಿನಲ್ಲಿ ಬರೆಯುವುದು, ಗ್ರಂಥಗಳನ್ನು ಪರದೆಯ ಮೇಲೆ ಓದುವುದು, ವಿದ್ಯಾರ್ಥಿವೇತನಕ್ಕೂ ಪರೀಕ್ಷೆಗೂ ಅರ್ಜಿ ತುಂಬುವುದು, ಸೆಮಿನಾರಿಗೆ ಹತ್ತು ಚಿತ್ರಪಟ ತಯಾರಿಸುವುದು, ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಪಾಠ ಕೇಳುವುದು. ‘ನುಡಿ’ಯಲ್ಲಾಗಲಿ ‘ಬರಹ’ದಲ್ಲಾಗಲಿ ಒಂದು ಒತ್ತಕ್ಷರ ಮೂಡಿಸುವುದಕ್ಕೆ ಗ್ರಾಫಿಕ್ಸ್ ಕಾರ್ಡಿನ ಅವಶ್ಯಕತೆ ಎಳ್ಳಷ್ಟೂ ಇಲ್ಲ.

ಬಿಸಿನೆಸ್ ಲ್ಯಾಪ್‌ಟಾಪಿನ ದೋಷಗಳನ್ನೂ ಮುಚ್ಚಿಡಬಾರದು. ಹೊಸದರ ಬೆಲೆ ಹೆಚ್ಚು. ಒಳ್ಳೆಯವು ಲಕ್ಷ ದಾಟುತ್ತವೆ. ತೆಳುವಾದ ಕೆಲವು ಮಾದರಿಗಳಲ್ಲಿ ಮೆಮೊರಿಯನ್ನು ಬೆಸೆದೇ ಬಿಟ್ಟಿರುತ್ತಾರೆ, ಆಮೇಲೆ ಏರಿಸಲಾಗದು. ಆದರೆ ಬಡವರಿಗೆ ಇಲ್ಲೊಂದು ದಾರಿಯಿದೆ. ದೊಡ್ಡ ಕಂಪನಿಗಳು ಮೂರು ನಾಲ್ಕು ವರ್ಷ ಉಪಯೋಗಿಸಿ ಒಟ್ಟಿಗೆ ಹೊರಹಾಕಿದ ಯಂತ್ರಗಳು, ಶುಚಿಮಾಡಿ ಪರೀಕ್ಷಿಸಿ, ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಬಹಳ ಕಡಿಮೆ ಬೆಲೆಗೆ ಮಾರಾಟವಾಗುತ್ತವೆ. ನಾನು ಈಗ ಬರೆಯುತ್ತಿರುವುದು ಅಂಥದೊಂದರಲ್ಲಿಯೇ. ಕೊಳ್ಳುವಾಗ ನಾಲ್ಕು ಸಂಗತಿಗಳನ್ನು ನೋಡಬೇಕು. ಒಂದು, ಸಂಸ್ಕಾರಕ ಇಂಟೆಲ್‌ನದಾದರೆ ಎಂಟನೆಯ ಪೀಳಿಗೆಯದೋ ಮೇಲಿನದೋ ಆಗಿರಬೇಕು. ವಿಂಡೋಸ್ ಹತ್ತಕ್ಕೆ ಕಂಪನಿಯ ಉಚಿತ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿದಿದೆ, ವಿಂಡೋಸ್ ಹನ್ನೊಂದು ಅದಕ್ಕಿಂತ ಹಳೆಯದನ್ನು ಒಪ್ಪುವುದಿಲ್ಲ. ಎರಡು, ಬ್ಯಾಟರಿ ಹಳತಾಗಿದ್ದರೆ ಹೊಸದು ಹಾಕಿಸುವ ಖರ್ಚನ್ನು ಬೆಲೆಗೆ ಸೇರಿಸಿಕೊಳ್ಳಬೇಕು. ಮೂರು, ಟೈಪ್-ಸಿ ಚಾರ್ಜಿಂಗ್ ಇದ್ದರೆ ಸ್ನೇಹಿತನ ಚಾರ್ಜರೂ ಆಪತ್ಕಾಲಕ್ಕೆ ಆಗುತ್ತದೆ. ನಾಲ್ಕು, ಎಲ್ಲಕ್ಕಿಂತ ಮುಖ್ಯವಾಗಿ, ನಮ್ಮ ಸಹಪಾಠಿನಿ ಮಾಡಿದಂತೆ, ಎತ್ತಿ ನೋಡಬೇಕು.

ಅಧ್ಯಾಪಕ ವರ್ಗದವರಲ್ಲಿ ನನ್ನದೊಂದು ಬಿನ್ನಹ. ಅಡಿಕೆಗೆ ಬೋರ್ಡೋ ಮಿಶ್ರಣ ಹೊಡೆಯುವ ದೊಡ್ಡ ಪಂಪನ್ನು ನಮ್ಮೂರುಗಳಲ್ಲಿ ಎಲ್ಲರೂ ಕೊಳ್ಳುವುದಿಲ್ಲ. ಕೇರಿಗೆ ಒಂದಿದ್ದರೆ ಸರದಿಯ ಮೇಲೆ ನಡೆಯುತ್ತದೆ. ಅದೇ ರೀತಿ ಕಾಲೇಜಿನಲ್ಲಿ ಬಲವಾದ ಎರಡು ಗಣಕಯಂತ್ರಗಳನ್ನು ಎಲ್ಲರಿಗೂ ಸಾಮಾನ್ಯವಾಗಿ ಇಟ್ಟು, ಸಂಕಲನ ಕಲಿಯಬೇಕೆನ್ನುವವರಿಗೆ 

ಸರದಿಯ ಮೇಲೆ ಬಿಟ್ಟುಕೊಟ್ಟರೆ, ‘ಮುಂದೆ ಬೇಕಾದೀತು’ ಎಂಬ ಒಂದೇ ಆಸೆಗೆ ಹತ್ತಾರು ಮನೆಗಳ ಅಡಿಕೆಯ ಹಣ ಖರ್ಚಾಗುವುದು ತಪ್ಪುತ್ತದೆ. ಶನಿವಾರ ಸಂಜೆ ಒಂದೆರಡು ಗಂಟೆ ಅದರ ಮೇಲೆ ಆಟಕ್ಕೂ ಅವಕಾಶವಿರಲಿ. ಆಟವಿಲ್ಲದ ವಿದ್ಯೆ ಉಪ್ಪಿಲ್ಲದ ಗಂಜಿ ಎಂಬುದನ್ನು ನಾನೂ ಒಪ್ಪುತ್ತೇನೆ. ಸರ್ಕಾರ ಮುಂದೆ ಎಂದಾದರೂ ವಿದ್ಯಾರ್ಥಿಗಳಿಗೆ ಯಂತ್ರಗಳನ್ನು ಹಂಚುವುದಾದರೆ, ಟೆಂಡರಿನಲ್ಲಿ ಬ್ಯಾಟರಿಯ ಗಂಟೆಗಳನ್ನೂ ತೂಕವನ್ನೂ ಮೊದಲ ಸಾಲಿನಲ್ಲಿ ಬರೆಯಲಿ ಎಂದು ಮಲೆನಾಡಿನ ಮಕ್ಕಳ ಪರವಾಗಿ ಕೋರುತ್ತೇನೆ.

ಕೊನೆಯದಾಗಿ, ಮೊದಲು ಮುಂದಕ್ಕೆ ಹಾಕಿದ ಮಾತು. ‘ಓದಲಿಕ್ಕೇ’ ಎಂದು ನಾನು ಅಪ್ಪಯ್ಯನಿಗೆ ಹೇಳಿದ್ದು ಸುಳ್ಳು. ನನಗೆ ಬೇಕಾಗಿದ್ದದ್ದು ಆಟ. ಅದಕ್ಕಿಂತಲೂ ಹೆಚ್ಚಾಗಿ, ನಾಲ್ಕು ಜನರ ನಡುವೆ ತೆರೆದಿಟ್ಟಾಗ ಬಣ್ಣ ಬಣ್ಣವಾಗಿ ಹೊಳೆಯುವ ಆ ಬೆಳಕು. ಆಟ ಬೇಕೆಂದು ನೇರವಾಗಿ ಕೇಳಿದ್ದರೆ ಅವರು ಕೊಡಿಸುತ್ತಿದ್ದರೋ ಇಲ್ಲವೋ ಅರಿಯೆ. ಆದರೆ ನಾನು ನನ್ನನ್ನೇ ಮೋಸಗೊಳಿಸಿಕೊಂಡು ತಪ್ಪು ಯಂತ್ರವನ್ನು ಆರಿಸುತ್ತಿರಲಿಲ್ಲ. ಮಾರಿದ ದಿನ ಎಲ್ಲವನ್ನೂ ಅವರಿಗೆ ಹೇಳಿ, ಹಳೆಯ ಬಿಸಿನೆಸ್ ಲ್ಯಾಪ್‌ಟಾಪು ಕೊಂಡು ಉಳಿದ ಹಣವನ್ನು ಕೈಗೆ ಕೊಟ್ಟೆ. ಅವರು ಹಣವನ್ನು ಎಣಿಸಲಿಲ್ಲ. ಹೊಸ ಯಂತ್ರವನ್ನು ಒಂದು ಕೈಯಲ್ಲಿ ಎತ್ತಿ, ‘ಇದನ್ನ ಹೊರಬಹುದು’ ಎಂದರು. ಅಜ್ಜಯ್ಯನಿಗೆ ಅಂದೇ ರಾತ್ರಿ ಅದರಲ್ಲಿ ಒಂದು ಪೂರ್ತಿ ಯಕ್ಷಗಾನವನ್ನು ಹಾಕಿ ತೋರಿಸಿದೆ. ಹೊರಗೆ ಮಳೆ, ಕರೆಂಟು ಎಂದಿನಂತೆ ಇರಲಿಲ್ಲ. ಆಟ ಮಂಗಳದವರೆಗೂ ನಡೆಯಿತು.